ಅಜ್ಜನ ಮುಂದಿನ ಎಡೆ

ಹುರಿದ ಶೇಂಗಾ ಮತ್ತು ನಶ್ಯ ಬೆರೆತ ವಾಸನೆ ಎಲ್ಲಿ ಬಂದರೂ ನನಗೆ ಈಗಲೂ ತಿಪ್ಪೇರುದ್ರಪ್ಪಜ್ಜನ ನೆನಪಾಗುತ್ತದೆ. ಬಳ್ಳಾರಿಯ ಬ್ರೂಸ್‌ಪೇಟೆಯ ಹತ್ತಿ ಅಂಗಡಿಯಲ್ಲಿ ತೂಕ ನೋಡುತ್ತಿದ್ದ ಅಜ್ಜ ಶನಿವಾರ ನಮ್ಮೂರು ಕುರುಗೋಡಿಗೆ ಬಂದ ಕೂಡಲೇ ಅಂಗಿಯ ಜೇಬನ್ನು ನನ್ನ ಲಂಗದ ಮಡಿಲಿಗೆ ಬರಿದು ಮಾಡುತ್ತಿದ್ದರು. ಸಿಪ್ಪೆಯನ್ನು ಬಸ್ಸಿನಲ್ಲೇ ಸುಲಿದಿರುತ್ತಿದ್ದರು.

ಎಪ್ಪತ್ತನಾಲ್ಕನೇ ಇಸವಿಯಲ್ಲಿ, ಬಳ್ಳಾರಿಯಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಾಗ, ಕಾಲೇಜಿನ ಸಂಚಿಕೆಗೆಂದು ಬೇರೊಂದು ಗ್ರಹದ ಕಥೆ ಬರೆದೆ. ಅಲ್ಲಿಯವರು ತಮ್ಮ ಮುದುಕರನ್ನೇ ದೇವರೆಂದು ಪೂಜಿಸುತ್ತಾರೆ. ಮುದುಕರ ಮೈಯಿಂದ ನೀಲಿ ಬೆಳಕು ಸೂಸುತ್ತದೆ. ಕನ್ನಡದ ಮೇಡಂ ದಾಕ್ಷಾಯಣಮ್ಮನವರು ಹಾಳೆಗಳನ್ನು ಹಿಂತಿರುಗಿಸಿದರು. ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ಪ್ರಶ್ನೆ ಬರೆದಿದ್ದರು: ಇವರು ದೇವರಾದದ್ದು ಹೇಗೆ? ಇವರಿಗೆ ಊಟ ಕೊಡುವವರು ಯಾರು?

ಉತ್ತರ ಹೊಳೆಯದೆ, ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡೇ ಶ್ರಾವಣದ ಒಂದು ಸೋಮವಾರ ಕುರುಗೋಡಿಗೆ ಹೋದೆ. ಅಜ್ಜನಿಗೆ ಲಕ್ವ ಹೊಡೆದು ಐದು ತಿಂಗಳಾಗಿತ್ತು. ಪರೀಕ್ಷೆಯ ನೆಪ ಹೇಳಿ ನಾನು ಒಮ್ಮೆಯೂ ನೋಡಲು ಹೋಗಿರಲಿಲ್ಲ.

ಪಡಸಾಲೆಯ ತುಂಬ ಲೋಬಾನದ ಹೊಗೆ. ಅದರಡಿಯಲ್ಲಿ ಕೊಳೆತ ಬಾಳೆಹಣ್ಣಿನ, ಕೀವಿನ ನಾತ. ಅಜ್ಜನನ್ನು ದಿಂಬುಗಳ ನಡುವೆ ನೆಟ್ಟಗೆ ಕೂರಿಸಿ ವಿಭೂತಿ ಬಳಿದಿದ್ದರು. ಓರೆಯಾದ ಬಾಯಿಂದ ಇಳಿದ ಜೊಲ್ಲು ಕೊರಳ ಚೆಂಡುಹೂವಿಗೆ ಅಂಟಿತ್ತು. ಬಲಗಾಲಿನ ಹೆಬ್ಬೆರಳು ಹುಣ್ಣಾಗಿತ್ತು. ಸಿರುಗುಪ್ಪದಿಂದ ಬಂದ ಭಕ್ತರು ಆ ಕಾಲಿಗೆ ನೀರು ಹೊಯ್ದು, ತಾಟಿನಲ್ಲಿ ಹಿಡಿದು, ಕಣ್ಣು ಮುಚ್ಚಿ ಕುಡಿದರು. ನಾನು ಮುಖ ತಿರುಗಿಸಿದೆ.

ಅಜ್ಜನ ಹಿರಿಯ ಮಗ, ನನ್ನ ದೊಡ್ಡಪ್ಪ ವಿರೂಪಾಕ್ಷಪ್ಪ, ಹೆಮ್ಮೆಯಿಂದ ಎಲ್ಲ ಹೇಳಿದರು. ಮಾತು ನಿಂತದ್ದನ್ನು ಯಾರೋ ಮೌನವ್ರತ ಅಂದರಂತೆ. ಆಮೇಲೆ ಸಿರುಗುಪ್ಪದ ಎರ್ರಿಸ್ವಾಮಿ ತನ್ನ ಎಮ್ಮೆ ಕಳೆದ ಸುದ್ದಿ ಹೇಳುತ್ತಿರುವಾಗ ಅಜ್ಜ ಎಡಗೈ ಬೆರಳೆತ್ತಿ ಉತ್ತರಕ್ಕೆ ತೋರಿಸಿದರಂತೆ. ಎಮ್ಮೆ ಅದೇ ದಿಕ್ಕಿನ ಹೊಲದಲ್ಲಿ ಸಿಕ್ಕಿತಂತೆ.

ನಾನು ಉತ್ತರಕ್ಕೆ ನೋಡಿದೆ. ಅಲ್ಲಿ ನೀರಿನ ಹರವಿ ಇತ್ತು.

ಮೇಡಂ ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ನನ್ನ ಗ್ರಹದ ನೀಲಿ ಬೆಳಕಿನ ಮೇಲೂ ಹೇಸಿಗೆ ಬಂತು.

ದೊಡ್ಡಮ್ಮ ಎಡೆ ತಂದಿಟ್ಟರು. ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ. ಅಜ್ಜನ ಕಣ್ಣು ತಾಟಿನಿಂದ ಕದಲಲಿಲ್ಲ. ಎಡಗೈ ನಡುಗುತ್ತ ತಾಟಿನ ಅಂಚಿಗೆ ಬಂದಾಗ, ಆಶೀರ್ವಾದವೆಂದು ಎಲ್ಲರೂ ಕೈಮುಗಿದರು. ದೊಡ್ಡಪ್ಪ ಗಂಟೆ ಬಾರಿಸಿ, ಪ್ರಸಾದ ಹಂಚಲು ತಾಟನ್ನೆತ್ತಿಕೊಂಡರು.

"ದೊಡ್ಡಪ್ಪ, ಅಜ್ಜ ಉಣ್ಣಲೇ ಇಲ್ಲಲ್ಲ."

"ಉಂಡ್ರ ದೇವ್ರು ಹೆಂಗಾದಾರು? ಸಂಜಿಗೆ ಒಂದ್ ಬಟ್ಲ ಹಾಲು ಕೊಡ್ತೀವಿ."

"ಹಸ್ದಾರ ಅವ್ರು."

ದೊಡ್ಡಪ್ಪ ದನಿ ತಗ್ಗಿಸಿದರು. "ಗೊತ್ತೈತಿ. ಇಷ್ಟು ಮಂದಿ ನೋಡಾಕ ಹತ್ಯಾರ, ಮಾನ ಕಳೀಬ್ಯಾಡ ತಂಗಿ."

ಅವರು ಕೆಟ್ಟವರಲ್ಲ. ಅಜ್ಜನ ದಿಂಬನ್ನು ಮೆಲ್ಲಗೆ ಸರಿಪಡಿಸಿಯೇ ಅಂಗಳಕ್ಕೆ ಹೋಳಿಗೆ ತಿನ್ನಲು ಹೋದರು. ನನಗೆ ಇನ್ನಷ್ಟು ಅಸಹ್ಯವಾದದ್ದು ಅದೇ.

ಎಲ್ಲರೂ ಪ್ರಸಾದಕ್ಕೆ ಎದ್ದಮೇಲೆ ನನ್ನ ಪಾಲಿನ ಹೋಳಿಗೆಯನ್ನು ಮುರಿದು ಅಜ್ಜನ ಬಾಯಿಗಿಟ್ಟೆ. ಹೂರಣ ಗಂಟಲಿಗೆ ಸಿಕ್ಕಿ, ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದರು. ಬೆರಳು ಹಾಕಿ ಹೊರತೆಗೆದೆ. ಅವರಿಗೆ ಏನು ಉಣಿಸಬೇಕೆಂಬುದೂ ನನಗೆ ಗೊತ್ತಿರಲಿಲ್ಲ.

ಹಿಂಬಾಗಿಲಲ್ಲಿ ಕೊಟ್ಟಿಗೆಯ ಕಸ ಹೊಡೆಯುವ ಹೊನ್ನೂರಮ್ಮ ನಿಂತಿದ್ದಳು. ದಿನವೂ ಅಜ್ಜನ ಪಕ್ಕದ ಕಿಟಕಿಯಿಂದ ಕೈಹಾಕಿ ಅವರಿಗೆ ನುಚ್ಚು ಕುಡಿಸುತ್ತಿದ್ದವಳು ಅವಳೇ ಅಂತೆ. ಅಜ್ಜನ ಸುತ್ತ ಮಂಟಪ ಕಟ್ಟಲೆಂದು ಆ ಕಿಟಕಿಗೆ ಹಿಂದಿನ ದಿನ ತಗಡು ಹೊಡೆದಿದ್ದರು.

"ನಿನ್ನಿ ಮುಂಜಾನಿಂದ ಹಾಲು ಬಿಟ್ರ ಏನೂ ಉಂಡಿಲ್ಲರಿ ಅಜ್ಜಾರು," ಎಂದಳು. "ತೆಳ್ಳಗ ಮಾಡೀನಿ. ಎಡಗಡಿ ದವಡಿಗೆ ಹಾಕ್ರಿ, ಆ ಕಡಿ ನುಂಗ್ತಾರ."

ಹೊಸ್ತಿಲು ದಾಟದೆ, ಸೆರಗಿನಡಿಯಿಂದ ಮಜ್ಜಿಗೆ ಕಲೆಸಿದ ಜೋಳದ ನುಚ್ಚಿನ ಬಟ್ಟಲು ತೆಗೆದು, ಅಂಚು ಒರೆಸಿ, ಚಮಚದ ಹಿಡಿಯನ್ನು ನನ್ನ ಕಡೆಗೆ ತಿರುಗಿಸಿ ಕೊಟ್ಟಳು.