ಕಣ್ಣು ಮುಚ್ಚಿ ಆರಿಸಿದ್ದು

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ತಿಂಡಿ ಕಾರ್ಖಾನೆಗೆ ಹೊಸ ಪ್ಯಾಕಿಂಗ್ ಮಿಷನ್ ಜೋಡಿಸಿಕೊಡಲು ಬಂದಿದ್ದ ಮಾರ್ತಾ ಅವರ ಕೆಲಸ ಶುಕ್ರವಾರವೇ ಮುಗಿದುಹೋಯಿತು. ಭಾನುವಾರ ಬೆಂಗಳೂರಿಗೆ ರೈಲು, ಅಲ್ಲಿಂದ ಝೆಕ್ ದೇಶಕ್ಕೆ ವಿಮಾನ. ನಡುವೆ ಒಂದು ಶನಿವಾರ ಖಾಲಿ ಉಳಿದಿತ್ತು.

“ಆಶಾ, ಮೇಡಮ್ಮೋರಿಗೆ ಊರು ತೋರ್ಸಮ್ಮ. ಒಂದು ಒಳ್ಳೆ ಗಂಧದ ಆನೆ ಕೊಡ್ಸು, ಇಲ್ಲಾಂದ್ರೆ ರೇಷ್ಮೆ ಶಾಲು. ಬರಿಗೈಲಿ ಕಳ್ಸಬ್ಯಾಡ,” ಎಂದರು ಮಾಲೀಕ ಬಕ್ಕೇಶಪ್ಪ.

ಆಶಾ ಆ ಕಾರ್ಖಾನೆಯ ಖರೀದಿ ವಿಭಾಗದವಳು. ಸರಸ್ವತಿ ನಗರದ ಬಾಡಿಗೆ ಮನೆಯಲ್ಲಿ ಅಕ್ಕನ ಜೊತೆಗಿದ್ದಳು. ಮಾರ್ತಾ ಆಡುವ ಇಂಗ್ಲಿಷು ಅವಳಿಗೆ ಸಲೀಸಾಗಿ ಅರ್ಥವಾಗುತ್ತಿತ್ತು. ಇಬ್ಬರೂ ಆ ಭಾಷೆಯನ್ನು ಶಾಲೆಯಲ್ಲಿ ಕಲಿತವರೇ, ಇಬ್ಬರೂ ಪದ ಹುಡುಕಿ ಹುಡುಕಿ ಮಾತಾಡುವವರೇ.

ಶನಿವಾರ ಬೆಳಿಗ್ಗೆ ಅಂಗಡಿಯವನು ಗಾಜಿನ ಕಪಾಟಿನಿಂದ ಗಂಧದ ಆನೆ ತೆಗೆದು ಮುಂದಿಟ್ಟ. ಮಾರ್ತಾ ಕಣ್ಣು ಮುಚ್ಚಿಕೊಂಡರು. ಎರಡೂ ಕೈಯಲ್ಲಿ ಆನೆಯನ್ನು ಸವರಿ, ಸೊಂಡಿಲ ಹತ್ತಿರ ಬೆರಳು ಬಂದದ್ದೇ ನಕ್ಕುಬಿಟ್ಟರು.

“ಆನೆ. ಅಪ್ಪ ಒಂದು ಕ್ಷಣದಲ್ಲಿ ಹೇಳಿಬಿಡುತ್ತಾರೆ,” ಎಂದು ಅದನ್ನು ಹಿಂದಕ್ಕೆ ಕೊಟ್ಟರು.

ಆಶಾಳಿಗೆ ಏನೂ ತಿಳಿಯಲಿಲ್ಲ. ಹೊರಗೆ ಬಂದು ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೂತ ಮೇಲೆ ಮಾರ್ತಾ ವಿಷಯ ಬಿಡಿಸಿ ಹೇಳಿದರು. ಅವರ ಅಪ್ಪ ಬರ್ನೊ ಎಂಬ ಊರಿನಲ್ಲಿ ಟ್ರಾಮ್ ಓಡಿಸುತ್ತಿದ್ದವರು. ವಯಸ್ಸಾದ ಮೇಲೆ ಸಕ್ಕರೆ ಕಾಯಿಲೆಯಿಂದ ಕಣ್ಣು ಪೂರ್ತಿ ಹೋಯಿತು. ಮಗಳು ದೇಶದೇಶ ತಿರುಗಿ ಬಂದು ಫೋಟೊ ತೋರಿಸುವಂತಿಲ್ಲ, ಬರಿ ಮಾತಿನಲ್ಲಿ ಹೇಳಿದರೆ ಅವರಿಗೆ ಬೇಸರ. ಅದಕ್ಕೇ ಒಂದು ಆಟ ಹೂಡಿಕೊಂಡಿದ್ದರು. ಮಗಳು ಹೋದಲ್ಲಿಂದ ಒಂದು ವಸ್ತು ತರಬೇಕು. ಅದು ಅಲ್ಲಿಯ ಜನ ನಿಜವಾಗಿ ಬಳಸುವಂಥದ್ದಾಗಿರಬೇಕು. ಅಪ್ಪ ಅದನ್ನು ಮುಟ್ಟಿ, ಮೂಸಿ, ಅಲ್ಲಾಡಿಸಿ, ಇದು ಏನು ಎಂದು ಕಂಡುಹಿಡಿಯಬೇಕು.

“ಮೊರಾಕ್ಕೊದಿಂದ ಒಂಟೆಯ ಮೂಗುದಾರದ ಕಡ್ಡಿ ಒಯ್ದಿದ್ದೆ. ವಾರವೆಲ್ಲ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಆ ವಾರ ಅವರು ಚೆನ್ನಾಗಿ ಊಟ ಮಾಡಿದರು, ಆಶಾ.”

ಆಶಾ ದೋಸೆ ಮುರಿಯುವುದನ್ನು ಬಿಟ್ಟು ಕೂತಳು. ಮುಟ್ಟಿದರೂ ಗುರುತು ಸಿಗದ ವಸ್ತು ತನ್ನ ಊರಿನಲ್ಲಿ ಯಾವುದಿದೆ? ದಾವಣಗೆರೆಯಲ್ಲಿ ಇಷ್ಟು ವರ್ಷ ಓಡಾಡಿದ್ದರೂ ಅವಳಿಗೆ ಈ ಪ್ರಶ್ನೆ ಬಂದಿರಲಿಲ್ಲ. ಆಮೇಲೆ ಮಂಡಿಪೇಟೆಯ ಸಂದಿಗೊಂದಿಗಳಲ್ಲಿ ಅವಳೇ ಮುಂದೆ ಮುಂದೆ ಹೋದಳು. ಅಂಗಡಿ ಹೊಕ್ಕವಳೇ ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ಸವರಿದಳು. ಕಡಗೋಲು? ಅವರ ಊರಲ್ಲೂ ಬೆಣ್ಣೆ ಕಡೆಯುತ್ತಾರಂತೆ. ಶಾವಿಗೆ ಒರಳು? ನೂಡಲ್ ಮಾಡುವ ಮನೆಯಲ್ಲಿ ಅದೇನು ಹೊಸದು? ವಿಭೂತಿ ಗಟ್ಟಿ ಮಾರ್ತಾ ಅವರ ಕೈಯಲ್ಲಿ ಸ್ವಲ್ಪ ಹೊತ್ತು ಉಳಿಯಿತು. ಆದರೆ ಅಪ್ಪ ಅದನ್ನು ಸೀಮೆಸುಣ್ಣ ಎಂದುಬಿಟ್ಟರೆ ಎಂಬ ಅನುಮಾನ ಬಂದು ಅದನ್ನೂ ಬಿಟ್ಟರು.

“ಏನಮ್ಮ, ಇಬ್ರೂ ಕಣ್ಣು ಮುಚ್ಕೊಂಡೇ ವ್ಯಾಪಾರ ಮಾಡ್ತೀರಲ್ಲ?” ಎಂದ ಪಾತ್ರೆ ಅಂಗಡಿಯವನು.

ಮಧ್ಯಾಹ್ನ ಕಾರ್ಖಾನೆಯ ಕಾರಿನಲ್ಲಿ ಹರಿಹರಕ್ಕೆ ಹೋದರು. ಹರಿಹರೇಶ್ವರನ ಮುಂದೆ ನಿಂತು, ಒಂದೇ ಮೂರ್ತಿಯಲ್ಲಿ ಇಬ್ಬರು ದೇವರು ಹೇಗೆ ಎಂದು ಮಾರ್ತಾ ಕೇಳಿದರು. ಆಶಾ ತಿಳಿದಷ್ಟು ಹೇಳಿದಳು. ಗುಡಿ ಬೀದಿಯ ಅಂಗಡಿಗಳಲ್ಲಿ ಬಳೆ, ಊದುಬತ್ತಿ, ಪ್ಲಾಸ್ಟಿಕ್ ಆಟಿಕೆ ಬಿಟ್ಟರೆ ಬೇರೆ ಇರಲಿಲ್ಲ. ಕಾರು ಹತ್ತುವಾಗ ಆಶಾಳಿಗೆ ಅಜ್ಜಿಯ ನೆನಪಾಯಿತು. ಉಕ್ಕಡಗಾತ್ರಿಗೆ ಹೋಗುವ ದಾರಿಯಲ್ಲೇ ಅಜ್ಜಿ ಗಿರಿಯಮ್ಮನ ಊರು. ಅಲ್ಲಿ ಏನಾದರೂ ಸಿಕ್ಕರೂ ಸಿಕ್ಕೀತು, ಸಿಗದಿದ್ದರೆ ಊಟವಾದರೂ ಆದೀತು.

ಗಿರಿಯಮ್ಮ ಪಡಸಾಲೆಯಲ್ಲಿ ಕೂತು ಅವರೆಕಾಳು ಸುಲಿಯುತ್ತಿದ್ದಳು. “ಬರ್ರಿ, ಕೂಡ್ರಿ,” ಎಂದು ಚಾಪೆ ಹಾಸಿದಳು. ಮೊಮ್ಮಗಳು ಬಂದ ಕಾರಣ ಹೇಳಿದಾಗ ನಗಲಿಲ್ಲ. “ಪಾಪ, ಕಣ್ಣು ಯಾವಾಗ ಹೋದ್ವಂತೆ?” ಎಂದು ಕೇಳಿ ತಿಳಿದುಕೊಂಡಳು. ಆಮೇಲೆ, “ಹಿತ್ಲಾಗ ನೋಡ್ಕಳ್ರಿ. ಏನು ಬೇಕಾದ್ರೂ ಮುಟ್ರಿ,” ಎಂದಳು.

ದನದ ಕೊಟ್ಟಿಗೆಯ ಗೋಡೆಗೆ ಕುಡುಗೋಲು, ಹಗ್ಗ, ನೊಗದ ಗೂಟಗಳು ತೂಗುಬಿದ್ದಿದ್ದವು. ಕಣ್ಣು ಮುಚ್ಚಿಕೊಂಡೇ ಗೋಡೆ ಸವರುತ್ತ ಹೋದ ಮಾರ್ತಾ ಒಂದು ಕಡೆ ನಿಂತರು. ಮೊಳೆಯಿಂದ ಬಿಡಿಸಿ ಕೈಗೆ ತೆಗೆದುಕೊಂಡರು. ಮರದ ಬಟ್ಟಲು. ಅಂಚು ದಪ್ಪ, ಒಳಗೆ ನುಣುಪು, ತಳದಲ್ಲಿ ನಾಲ್ಕು ತೂತು.

“ಬಟ್ಟಲು. ಆದರೆ ಏನನ್ನೂ ಹಿಡಿದಿಡುವುದಿಲ್ಲ. ಇದು ಏನು, ಆಶಾ? ಬೇಡ, ಹೇಳಬೇಡಿ.”

ಆಶಾ ಹೇಳುವಂತೆಯೂ ಇರಲಿಲ್ಲ. ಚಿಕ್ಕಂದಿನಿಂದ ಅದನ್ನು ಗೋಡೆಯ ಮೇಲೆ ಕಂಡಿದ್ದಳು, ಏನೆಂದು ಕೇಳಿರಲಿಲ್ಲ. ಇಬ್ಬರೂ ಅದನ್ನು ಹಿಡಿದುಕೊಂಡು ಪಡಸಾಲೆಗೆ ಬಂದರು. ಅಜ್ಜಿಯ ಮುಖ ಸಪ್ಪಗಾಯಿತು.

“ಅದು ಕೂರಿಗೆ ಬಟ್ಲು ಕಣವ್ವ. ಅದನ್ನ ಕೊಡಾಕ ಬರಲ್ಲ. ಬಿತ್ತನೆ ದಿನ ಅದಕ್ಕ ಪೂಜೆ ಐತೆ.”

ಹೊಲದಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದ ಆಶಾಳ ಚಿಕ್ಕಪ್ಪ ಹಾಲಸ್ವಾಮಿ, “ಈಗೆಲ್ಲಾ ಟ್ರ್ಯಾಕ್ಟರ್ ಕೂರಿಗೆ ಬಂದೈತಲ್ಲವ್ವ, ಕಬ್ಬಿಣದ್ದು. ಇದನ್ಯಾಕ ಇಟ್ಕಂತೀ?” ಎಂದ.

“ನೀನು ಸುಮ್ಕಿರು,” ಎಂದಳು ಗಿರಿಯಮ್ಮ.

ಮಾರ್ತಾಗೆ ಭಾಷೆ ಬರದಿದ್ದರೂ ವಿಷಯ ತಿಳಿಯಿತು. ಬಟ್ಟಲನ್ನು ಮೆಲ್ಲಗೆ ಅಜ್ಜಿಯ ತೊಡೆಯ ಮೇಲಿಟ್ಟರು. ತೆಗೆದುಕೊಂಡು ಹೋಗುವುದು ಬೇಡ, ಇದನ್ನು ಹೇಗೆ ಬಳಸುತ್ತಾರೆ ಅಂತ ಒಂದು ಸಲ ತೋರಿಸುತ್ತಾರಾ ಎಂದು ಆಶಾಳ ಕೈಲಿ ಕೇಳಿಸಿದರು.

ಗಿರಿಯಮ್ಮ ಒಳಗಿನಿಂದ ಒಂದು ಸೇರು ಜೋಳ ತರಿಸಿದಳು. ಮುಂದೆ ಮೊರ ಇಟ್ಟು, ಅದರ ಮೇಲೆ ಬಟ್ಟಲನ್ನು ಎತ್ತಿ ಹಿಡಿಯಲು ಆಶಾಳಿಗೆ ಹೇಳಿದಳು. ಎತ್ತು ಬಿತ್ತುವ ಕೂರಿಗೆ ಎಳೆಯುತ್ತಿದ್ದರೆ ಹಿಂದೆ ನಡೆಯುತ್ತ, ಅದರ ಮೇಲೆ ಕೂರಿಸಿದ ಬಟ್ಟಲಿಗೆ ಕಾಳು ಬಿಡಬೇಕು. ಕಾಳು ತೂತಿನಿಂದ ಬಿದಿರಿನ ಕೊಳವೆಗೆ, ಕೊಳವೆಯಿಂದ ಮಣ್ಣಿಗೆ. ಅಜ್ಜಿ ಮುಷ್ಟಿ ತುಂಬ ಜೋಳ ಹಿಡಿದು ಬೆರಳ ಸಂದಿನಿಂದ ಬಿಡತೊಡಗಿದಳು. ನಾಲ್ಕೂ ತೂತಿನಿಂದ ಕಾಳು ಒಂದೇ ಸಮನೆ ಉದುರಿದವು. ಮೊರದ ಮೇಲೆ ನಾಲ್ಕು ಗುಪ್ಪೆ ಎದ್ದವು, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ.

ಮಾರ್ತಾ ಕೈ ಹಾಕಿದರೆ ಒಂದೇ ತೂತಿಗೆ ಜೋಳವೆಲ್ಲ ಸುರಿದುಹೋಯಿತು. ಅಜ್ಜಿ ಅವರ ಮುಷ್ಟಿಯನ್ನು ತನ್ನ ಮುಷ್ಟಿಯಲ್ಲಿ ಹಿಡಿದು ಮತ್ತೆ ಬಿಡಿಸಿದಳು. ಬಾಗಿ ನೋಡಲು ಹೋದ ಮಾರ್ತಾರ ಗದ್ದ ಹಿಡಿದು ಮೇಲಕ್ಕೆತ್ತಿದಳು.

“ಕೈ ನೋಡಬಾರ್ದು ಅಂತ ಹೇಳು ಆಶಾ. ಮುಂದ ಸಾಲು ನೋಡ್ಕಂಡು ನಡೀಬೇಕು. ಕೈಗೆ ತಾನೇ ಗೊತ್ತಾಗತೈತೆ.”

ಆಶಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಮಾರ್ತಾ ಕಣ್ಣು ಮುಚ್ಚಿಕೊಂಡು ಮತ್ತೆ ಮುಷ್ಟಿ ತುಂಬಿಕೊಂಡರು. ಮುಚ್ಚಿದ ಆ ಕಣ್ಣು ಕಂಡು ಗಿರಿಯಮ್ಮ ತಾನು ಆಡಿದ ಮಾತಿಗೆ ತಾನೇ ನಿಂತುಬಿಟ್ಟಳು. ಮೊರದ ಜೋಳದಲ್ಲಿ ಒಂದು ಸಲ ಕೈಯಾಡಿಸಿ, ಎದ್ದು ದೇವರ ಗೂಡಿನಿಂದ ಕುಂಕುಮ ತಂದು ಬಟ್ಟಲಿಗೆ ಹಚ್ಚಿದಳು. ಒಂದು ಹಿಡಿ ಜೋಳವನ್ನು ಬಟ್ಟೆಯಲ್ಲಿ ಕಟ್ಟಿ ಅದರೊಳಗಿಟ್ಟು ಮಾರ್ತಾ ಕೈಗೆ ಕೊಟ್ಟಳು.

“ಅಜ್ಜಿ, ಪೂಜೆಗೆ ಮತ್ತೇನು ಮಾಡ್ತೀಯಾ?” ಎಂದಳು ಆಶಾ.

“ಟ್ರ್ಯಾಕ್ಟರ್‌ಗೇ ಕುಂಕುಮ ಇಡ್ತೀನಿ ಬಿಡು. ಆ ಯಪ್ಪಗೆ ಏನು ಅನ್ನಿಸ್ತು ಅಂತ ಮಾತ್ರ ನನಗ ಬಂದು ಹೇಳ್ಬೇಕು.”

ಜೋಳವನ್ನು ವಿಮಾನ ನಿಲ್ದಾಣದಲ್ಲಿ ಬಿಟ್ಟುಹೋಗಬೇಕಾಗಬಹುದು ಎಂದು ಮಾರ್ತಾ ದಾರಿಯಲ್ಲಿ ಹೇಳಿದರು. ಹಾಗೆಯೇ ಆಯಿತು. ಬಟ್ಟಲು ಮಾತ್ರ ಬರ್ನೊ ತಲುಪಿತು.

ಕೆಲವು ದಿನ ಕಳೆದು ಒಂದು ಭಾನುವಾರ ಆಶಾ ಹಳ್ಳಿಯಲ್ಲಿದ್ದಾಗ ಮಾರ್ತಾ ವಿಡಿಯೊ ಕರೆ ಮಾಡಿದರು. ಪಕ್ಕದಲ್ಲಿ ದೊಡ್ಡ ಮೂಗಿನ ಅಪ್ಪ, ಅವರ ಮಡಿಲಲ್ಲಿ ಬಟ್ಟಲು. ಮೊದಲು ಹೂವಿಗೆ ನೀರು ಹನಿಸುವ ಪಾತ್ರೆ ಅಂದಿದ್ದರಂತೆ, ಆಮೇಲೆ ಚೀಸಿಗೆ ಒಡೆದ ಹಾಲು ಸೋಸುವುದು ಅಂದಿದ್ದರಂತೆ. ಗಿರಿಯಮ್ಮ ಎರಡಕ್ಕೂ ಬಾಯಿಗೆ ಸೆರಗು ಹಿಡಿದು ನಕ್ಕಳು.

“ನಿನ್ನೆ ಬೇರೆ ಏನೋ ಹೇಳಿದರು,” ಎಂದು ಮಾರ್ತಾ ಮಾತು ಮುಂದುವರಿಸಿದರು. “ಅಂಚಿಗಿಂತ ತೂತುಗಳ ಒಳಗೇ ಹೆಚ್ಚು ನುಣುಪಾಗಿದೆಯಂತೆ. ನೀರು ಹೀಗೆ ಸವೆಸುವುದಿಲ್ಲ, ಗಟ್ಟಿಯಾದದ್ದು ಏನೋ ಬಹಳ ವರ್ಷ ಇದರಲ್ಲಿ ಹರಿದಿದೆ, ಅದು ಕಾಳು ಅನ್ನುತ್ತಾರೆ. ಯಾವ ಕಾಳು ಅಂತ ಕೇಳುತ್ತಿದ್ದಾರೆ.”

ಆಶಾ ಅಜ್ಜಿಗೆ ಹೇಳಿದಳು. ಗಿರಿಯಮ್ಮ ಸೆರಗು ಕೆಳಗಿಳಿಸಿ ಫೋನಿಗೆ ಹತ್ತಿರ ಸರಿದಳು.

“ಜೋಳ ಅಂತ ಹೇಳು. ಮೇಲ್ಗಡೆ ಮಳೆ ನಂಬಿದ ಬೆದ್ದಲಾಗ ಸಜ್ಜೆ, ನವಣೆ. ನಮ್ಮ ಹೊಲ ಅಷ್ಟೇ ಅಲ್ಲ, ನನ್ನ ಕೈ ಸಮ ಬೀಳತೈತೆ ಅಂತ ಸುತ್ತಲ ಊರೋರೆಲ್ಲ ಬಿತ್ತನೆಗೆ ಕರ್ಕಂಡು ಹೋಗೋರು. ಗಾಡಿ ಕಳ್ಸೋರು, ಕುಪ್ಪಸದ ಕಣ ಕೊಡೋರು.”

“ನಿನ್ನನ್ನ ಗಾಡಿ ಕಳ್ಸಿ ಕರ್ಸೋರಾ?” ಆಶಾ ಇಂಗ್ಲಿಷಿಗೆ ತಿರುಗಿಸುವುದನ್ನೇ ಮರೆತಳು. “ನೀನು ಇದನ್ನ ಯಾವತ್ತೂ ಹೇಳ್ಲೇ ಇಲ್ಲ.”

“ನೀನು ಯಾವಾಗ ಕೇಳಿದ್ದಿ?” ಎಂದಳು ಅಜ್ಜಿ. ಅವಳ ಗಮನ ಆಗಲೇ ಫೋನಿನತ್ತ ಹೋಗಿತ್ತು. “ಅದು ಇರ್ಲಿ, ಅವರನ್ನ ಕೇಳು. ನೀನು ಹೇಳಿದ್ದ ಆ ಟ್ರಾಮು ಅಂಬೋದು ಎಲ್ಲಿ ನಿಲ್ಲಿಸ್ಬೇಕು ಅಂತ ಅವರ ಕೈಗೆ ಹೆಂಗೆ ಗೊತ್ತಾಗ್ತಿತ್ತಂತೆ?”