ಕೊನೆಯ ಸಾಲಿನ ಮಟ್ಟ

ಈ ಬಡಾವಣೆ ಹುಟ್ಟಿದ್ದೇ ನಮ್ಮ ಸರ್ವೇಯರರ ಮೇಜಿನ ಮೇಲೆ ಎಂದು ನಿವಾಸಿಗಳ ಸಂಘದವರು ಹೊಗಳುತ್ತಿದ್ದರು. ಅದು ಎಷ್ಟು ನಿಜವೆಂದು ಬಲ್ಲವರು ಸರ್ವೇಯರರೊಬ್ಬರೇ.

ಮೂವತ್ತು ವರ್ಷದ ಹಿಂದೆ ಅಲ್ಲಿದ್ದದ್ದು ಬರೀ ಕುರುಚಲು. ಹದಿನಾಲ್ಕು ಸಾಲು ನಿವೇಶನಗಳ ಪೈಕಿ ಹದಿಮೂರರ ಏರುತಗ್ಗನ್ನು ಅವರು ಕೋಲು ನೆಟ್ಟು, ದುರ್ಬೀನಿಗೆ ಕಣ್ಣಿಟ್ಟು ಅಳೆದಿದ್ದರು. ಕೊನೆಯ ಸಾಲಿನಲ್ಲಿ ಮುಳ್ಳು. ನೆತ್ತಿಯ ಮೇಲೆ ಬಿಸಿಲು. ಹೊಟ್ಟೆ ತಾಳ ಹಾಕುತ್ತಿತ್ತು. ಮರದ ನೆರಳಲ್ಲಿ ಕೂತು, ಪಕ್ಕದ ಸಾಲಿನ ಅಂಕಿಗಳನ್ನೇ ಒಂದೆರಡು ಇಂಚು ಹೆಚ್ಚುಕಡಿಮೆ ಮಾಡಿ ಬರೆದುಬಿಟ್ಟರು. ಸುಳ್ಳಾದರೂ ನೋಡುವುದಕ್ಕೆ ನಿಜದಂತಿರಬೇಕಲ್ಲ! ಆ ಅಂಕಿಗಳನ್ನು ನಂಬಿ ಚರಂಡಿ ತೋಡಿದರು. ನೀರಿಗೆ ಓದು ಬಾರದು. ಅದು ತನ್ನ ಪಾಡಿಗೆ ತಗ್ಗಿಗೆ ಹರಿಯಿತು.

ಬಡಾವಣೆಗೆ ಗುಣ ಬಂದದ್ದೂ ಹಾಗೆಯೇ. ಮೊದಲ ಸಾಲಿನವರು ಗುಲಾಬಿ ಬೆಳೆಸಿದರು. ಕೊನೆಯ ಸಾಲಿನವರು ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟರು. ಗುಲಾಬಿಯವರು ಇಟ್ಟಿಗೆಯವರನ್ನು ‘ಕಪ್ಪೆಗಳು’ ಎಂದು ಕರೆದರು.

ಸಂಘದ ಕಾರ್ಯದರ್ಶಿ ಬಂದು, “ಸಾರ್, ಪಾರ್ಕಲ್ಲಿ ನಿಮ್ಮ ಹೆಸರಿನ ಕಲ್ಲು ನಿಲ್ಲಿಸ್ತೀವಿ” ಎಂದ ಮೇಲೆ ಸರ್ವೇಯರರು ಹಳೆಯ ನಕ್ಷೆ ಬಿಚ್ಚಿ ಕೊನೆಯ ಸಾಲಿನ ಅಂಕಿಗಳನ್ನು ಮತ್ತೆ ಓದಿದರು. ಮರುದಿನದ ಮಳೆ ನಿಲ್ಲುತ್ತಲೇ ಕೊನೆಯ ಸಾಲಿನ ಕೊನೆಯ ಮನೆಗೆ ನಡೆದರು. ಅಲ್ಲಿ ಹೊಲಿಗೆಯಜ್ಜಿ ಒಬ್ಬಳೇ ಇದ್ದಳು. ನಡುಮನೆಯ ನೀರನ್ನು ಚೊಂಬಿನಲ್ಲಿ ಮೊಗೆಮೊಗೆದು ಹೊರಗೆ ಚೆಲ್ಲುತ್ತಿದ್ದಳು.

“ಬನ್ನಿ ಸಾರ್, ಚಪ್ಪಲಿ ಕೈಲಿ ಹಿಡ್ಕೊಂಡೇ ಬನ್ನಿ. ನಮ್ಮನೆ ಮಹಾನುಭಾವ ಆರಿಸಿದ ಸೈಟು ನೋಡಿ! ಕಣ್ಣಿದ್ದೂ ಕುರುಡ. ನನ್ನ ಇಲ್ಲಿ ಮುಳುಗಿಸಿ, ತಾನು ಸತ್ತು ಒಣಗಿದ ಜಾಗಕ್ಕೆ ಹೋದ.”

“ಅವರ ತಪ್ಪಲ್ಲಮ್ಮ,” ಎಂದರು ಸರ್ವೇಯರರು. “ನಕ್ಷೇಲಿ ಸಮತಟ್ಟು ಅಂತಲೇ ಇತ್ತು. ಅದು ನಾನು ಬರೆದದ್ದು. ಈ ಸಾಲಿಗೆ ನಾನು ಕಾಲೇ ಇಟ್ಟಿರ್ಲಿಲ್ಲ. ಕೂತಲ್ಲೇ ಬರೆದೆ.”

ಚೊಂಬು ನಿಂತಿತು. ಬೈಗುಳಕ್ಕೆ ತಲೆಯೊಡ್ಡಿ ಅವರು ಕಾದರು. ಮೂವತ್ತು ವರ್ಷದ ಬಾಕಿ, ಕಡಿಮೆಯೇ?

“ನಕ್ಷೇಲಿ ಸಮ ಇತ್ತು ಕಣೇ ಅಂತ ಅವ್ರು ಹೇಳ್ತಾನೇ ಇದ್ರು,” ಎಂದಳು ಅಜ್ಜಿ. “ಸಾಯೋ ದಿನಾನೂ ಹೇಳಿದ್ರು. ಈಗ್ಲಾದ್ರೂ ಸುಳ್ಳು ಬಿಡಿ ಅಂದೆ ನಾನು.”

ಸರ್ವೇಯರರು ಕೈಲಿದ್ದ ಚಪ್ಪಲಿಯನ್ನು ಹೊಸ್ತಿಲ ಮೇಲಿಟ್ಟರು. ಪ್ಯಾಂಟು ಮಡಚಿಕೊಂಡು ಕುಕ್ಕರುಗಾಲಲ್ಲಿ ಕೂತು, ಅವಳ ಕೈಯಿಂದ ಚೊಂಬು ತೆಗೆದುಕೊಂಡು ನೀರು ಮೊಗೆಯತೊಡಗಿದರು. ಅಜ್ಜಿ ತಡೆಯಲಿಲ್ಲ. ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಖಾಲಿ ಕೋಣೆಯಿಂದ, ಮೆಲ್ಲಗೆ, “ರೀ...” ಎಂದದ್ದು ಕೇಳಿಸಿತು.