ಎರಡು ದಿನ

ಹಿರಿಯ ಮಗಳು ಅಮ್ಮನ ಮೇಜಿನ ಮೂರನೆಯ ಖಾನೆಯನ್ನು ಎಳೆದಾಗ ಅದು ಅರ್ಧಕ್ಕೇ ಸಿಕ್ಕಿಕೊಂಡಿತು. ಮುಂದಿನ ಕೋಣೆಯಲ್ಲಿ ಅಮ್ಮನ ದೇಹವನ್ನು ಮಲಗಿಸಿದ್ದರು. ನಾಲ್ಕು ಗಂಟೆಗೆ ಗಾಡಿ ಬರುವುದಿತ್ತು. ಅಷ್ಟರೊಳಗೆ, ತಾನು ಅಮ್ಮನಿಗೆ ತಿರುಗಿ ಕಳಿಸಿದ್ದ ಆ ಕಾಗದ ಸಿಗಬೇಕು. ಅಮ್ಮನ ಜೊತೆಗೇ ವಾಸವಿದ್ದ ತಂಗಿಯ ಕಣ್ಣಿಗೆ ಬಿದ್ದರೆ ಮುಗಿಯಿತು.

"ಏನಕ್ಕ ಹುಡುಕ್ತಿದೀಯ? ಜನ ಬಂದು ಕೂತಿದಾರೆ." ತಂಗಿಯೇ ಒಳಗೆ ಇಣುಕಿದಳು.

"ಏನಿಲ್ಲ, ಕನ್ನಡಕ."

"ನಿನ್ನ ತಲೆ ಮೇಲೇ ಇದೆಯಲ್ಲ!"

ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಅವಳು ಹೊರಗೆ ಬಂದಳು. ಮುದ್ರಣಾಲಯ ನಡೆಸುವ, ಅಮ್ಮನ ಹಳೆಯ ಶಿಷ್ಯ, ಗೇಟಿಗೆ ಅಂಟಿಸುವ ನೋಟೀಸು ತಂದಿದ್ದ. 'ನಿ. ಶಿಕ್ಷಕಿ, 79 ವರ್ಷ, ಅಂ. ಯಾತ್ರೆ ಸಂ. 4ಕ್ಕೆ.'

"ಅಯ್ಯೋ ಪುಣ್ಯಾತ್ಮ," ಪಕ್ಕದ ಮನೆಯಾಕೆ ಹಣೆ ಚಚ್ಚಿಕೊಂಡರು. "ಪ್ರಬಂಧದಲ್ಲಿ ಹೀಗೆ ಬರೆದಿದ್ರೆ ನಿನ್ನ ಕಿವಿ ಉಳೀತಿತ್ತಾ?"

"ಕಿವಿ ಹಾಗಿರ್ಲಿ, ಅಂಕಾನೂ ಉಳೀತಿರ್ಲಿಲ್ಲ. 'ಉದಾ' ಅಂತ ಬರೆದು ಚುಕ್ಕೆ ಇಟ್ರೆ, 'ಹರಣೆ ಯಾರ ಮನೆಗೆ ಹೋಯ್ತಪ್ಪ?' ಅಂತ ಕೇಳೋರು." ಅವನೇ ಪೆನ್ನು ತೆಗೆದು ತಿದ್ದತೊಡಗಿದ. "ಎಪ್ಪತ್ತೊಂಬತ್ತು ಅನ್ನೋಕೆ ಜಾಗ ಸಾಲ್ತಿಲ್ಲ."

"ಇನ್ನೊಂದು ಹಾಳೆ ತಗೊ. ಅವರ ಆಯುಸ್ಸು ಮೊಟಕು ಮಾಡ್ಬೇಡ."

ಕೂತವರೆಲ್ಲ ನಕ್ಕರು. ಹಿರಿಯ ಮಗಳು ಮತ್ತೆ ಒಳಗೆ ಹೋಗಿ ಹಾಸಿಗೆಯ ಮಡಿಕೆ ಬಿಚ್ಚಿದಳು.

*

ಒಂಬತ್ತು ವರ್ಷದವಳಿದ್ದಾಗ ಅವಳು 'ನನಗೆ 1 ತಂಗಿ + 1 ಬೆಕ್ಕು ಇದೆ' ಎಂದು ಬರೆದಿದ್ದಳು. ಅಮ್ಮ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಳು.

"ತಂಗಿ ಏನು ಕೂಡೋ ಲೆಕ್ಕಾನಾ? ಅಕ್ಷರದಲ್ಲಿ ಹತ್ತು ಸಲ ಬರಿ."

ಹೋದ ತಿಂಗಳು ಅದೇ ಅಮ್ಮನಿಂದ ಕಾಗದ ಬಂತು. '2 ದಿನ ಬಂದು ಹೋಗು. ಉಳಿದದ್ದು ಬಂದ ಮೇಲೆ.' ಕಚೇರಿಯಿಂದ ಆಗಷ್ಟೇ ಬಂದಿದ್ದ ಮಗಳು ಆ ಅಂಕಿ ಕಂಡು ಗಟ್ಟಿಯಾಗಿ ನಕ್ಕಳು. ನಲವತ್ತು ವರ್ಷದ ಮೇಲೆ ಅಮ್ಮ ಕೈಗೆ ಸಿಕ್ಕಿದ್ದಳು! ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ 'ಅಕ್ಷರದಲ್ಲಿ ಹತ್ತು ಸಲ ಬರಿ' ಎಂದು ಬರೆದು, ಅದೇ ಕಾಗದವನ್ನು ಅಮ್ಮನಿಗೇ ತಿರುಗಿ ಅಂಚೆಗೆ ಹಾಕಿದಳು. ಬರುತ್ತೇನೆಂದಾಗಲಿ ಬರುವುದಿಲ್ಲವೆಂದಾಗಲಿ ಬರೆಯಲಿಲ್ಲ.

ಇವತ್ತು ಬೆಳಗ್ಗೆ ಅಮ್ಮನ ಕೈ ಜೋಡಿಸುವಾಗ ಬೆರಳ ಗೆಣ್ಣುಗಳು ಊದಿಕೊಂಡಿದ್ದು ಕಂಡಿತು. 'ಎರಡು' ಎಂಬ ಮೂರೇ ಅಕ್ಷರವೂ ಆ ಕೈಗೆ ಭಾರವಾಗಿತ್ತು.

*

"ಗಾಡಿ ಬಂತು," ಎಂದು ಯಾರೋ ಕೂಗಿದರು. ತಂಗಿ ಬಾಗಿಲಲ್ಲಿ ನಿಂತಿದ್ದಳು.

"ಕನ್ನಡಕ ಅಲ್ಲ ತಾನೇ ಅಕ್ಕ, ನೀನು ಹುಡುಕಿದ್ದು?"

ಅಕ್ಕ ಬಿಚ್ಚಿದ ಹಾಸಿಗೆಯನ್ನು ಮತ್ತೆ ಮಡಿಸತೊಡಗಿದಳು.

"ಕೊನೇ ವಾರ ಅಮ್ಮ ದಿನಕ್ಕೊಂದು ಸಾಲು ಬರೀತಿದ್ಲು. ಸಾಕು ಬಿಡಮ್ಮ ಅಂದ್ರೆ, 'ತಪ್ಪು ಮಾಡಿದೀನಿ ಕಣೇ, ಅವಳು ಬರೋದ್ರೊಳಗೆ ತಿದ್ಬೇಕು' ಅಂದ್ಲು. ದಿಂಬಿನ ಕೆಳಗಿತ್ತು, ತಗೊ."

ಮುಖ ನೋಡದೆ ಕಾಗದ ಕೊಟ್ಟು ತಂಗಿ ಹೊರಟುಹೋದಳು.

ಕೆಂಪು ಸುತ್ತಿನ ಕೆಳಗೆ, ಒಂದರಡಿ ಒಂದು: ಎರಡು ದಿನ. ಎರಡು ದಿನ. ಸಾಲುಗಳು ಬರುಬರುತ್ತಾ ಕೆಳಕ್ಕೆ ಜಾರಿದ್ದವು. ಏಳು ಪೂರ್ತಿಯಾಗಿದ್ದವು. ಎಂಟನೆಯದರಲ್ಲಿ ಬರೀ 'ಎ'. ಅದರ ಮುಂದೆ ಮೊಟಕು ಮಾಡುವ ಚುಕ್ಕೆ ಇರಲಿಲ್ಲ. ಉಳಿದ ಅಕ್ಷರಗಳಿಗೆ ಬೇಕಾದಷ್ಟು ಜಾಗವಿತ್ತು.